ಫುಟ್‌ಸ್ವಿಚ್ಚಿನ ಸೂಚಕ ದೀಪ

ಗಿಟಾರ್ ಆಂಪ್ಲಿಫೈಯರಿನ ಚಾನೆಲ್, ರಿವರ್ಬ್ (ಮಾರ್ದನಿ), ಟ್ರೆಮೊಲೊ (ದನಿಯ ಏರಿಳಿತ) ಮೊದಲಾದವನ್ನು ಕಾಲಿನಿಂದ ಒತ್ತಿ ಬದಲಿಸುವ ಪೆಟ್ಟಿಗೆ ಫುಟ್‌ಸ್ವಿಚ್ಚು. ಅದು ಯಾವ ಸ್ಥಿತಿಯಲ್ಲಿದೆ ಎಂದು ತೋರಿಸಲು ಅದರ ಮೇಲೆ ಕೂರಿಸುವ ಪುಟ್ಟ ಎಲ್‌ಇಡಿಯೇ ಸೂಚಕ ದೀಪ. ರಿಪೇರಿ ಅಂಗಡಿಗಳ ಮಾತಿನಲ್ಲಿ ಇಂಡಿಕೇಟರ್. ಹಲವು ಆಂಪ್‌ಗಳ ಜೊತೆ ಬರುವ ಅಗ್ಗದ ಫುಟ್‌ಸ್ವಿಚ್ಚುಗಳಲ್ಲಿ ಈ ದೀಪ ಇರುವುದಿಲ್ಲ. ನುಡಿಸುವವನು ಮೆಲುದನಿಯ ಕ್ಲೀನ್ ಚಾನೆಲ್ ಎಂದುಕೊಂಡು ತಂತಿ ಮೀಟಿದಾಗ ಒರಟು ದನಿಯ ಡ್ರೈವ್ ಚಾನೆಲ್ ಮೊಳಗಿದರೆ ವೇದಿಕೆಯ ಮೇಲೆ ಸರಿಪಡಿಸಿಕೊಳ್ಳಲು ಸಮಯವಿರುವುದಿಲ್ಲ. ಆದ್ದರಿಂದ ದೀಪವಿಲ್ಲದ ಫುಟ್‌ಸ್ವಿಚ್ಚಿಗೆ ದೀಪ ಹಾಕಿಸುವುದು ಗಿಟಾರ್ ವಾದಕರು ಮಾಡಿಸುವ ಸಾಮಾನ್ಯ ಮಾರ್ಪಾಡುಗಳಲ್ಲಿ ಒಂದು.

ಕೆಲಸ ಚಿಕ್ಕದು: ಒಂದು ಎಲ್‌ಇಡಿ, ಒಂದು ರೆಸಿಸ್ಟರ್, ನಾಲ್ಕಾರು ಬೆಸುಗೆ. ಆದರೆ ಒಂದು ಆಂಪಿಗೆ ಸರಿಹೊಂದಿದ ಜೋಡಣೆ ಇನ್ನೊಂದಕ್ಕೆ ಹೊಂದುವುದಿಲ್ಲ. ದೀಪಕ್ಕೆ ವಿದ್ಯುತ್ತು ಎಲ್ಲಿಂದ ಬರುತ್ತದೆ ಎಂಬುದೇ ಇಲ್ಲಿನ ಮುಖ್ಯ ಪ್ರಶ್ನೆ. ಜೋಡಣೆಯ ಬಗೆ, ಬಳಸಬೇಕಾದ ಬಿಡಿಭಾಗ, ಕೊನೆಗೆ ಆ ದೀಪವನ್ನು ಎಷ್ಟು ನಂಬಬಹುದು ಎಂಬುದು ಕೂಡ ಅದರ ಉತ್ತರದಿಂದಲೇ ತೀರ್ಮಾನವಾಗುತ್ತದೆ.

ಹಿನ್ನೆಲೆ

ಆಂಪ್ಲಿಫೈಯರಿನೊಳಗೇ ಪರಿಣಾಮಗಳನ್ನು ಸೇರಿಸುವ ರೂಢಿ ಬೆಳೆದಂತೆ ಫುಟ್‌ಸ್ವಿಚ್ಚಿನ ಅಗತ್ಯವೂ ಬೆಳೆಯಿತು. ಅಮೆರಿಕದ ಫೆಂಡರ್ ಸಂಸ್ಥೆ 1955ರಲ್ಲಿ ಟ್ರೆಮೊಲಕ್ಸ್ ಎಂಬ ಆಂಪಿನಲ್ಲಿ ಟ್ರೆಮೊಲೊ ಅಳವಡಿಸಿತು; 1963ರಲ್ಲಿ ವೈಬ್ರೊವರ್ಬ್ ಆಂಪಿನಲ್ಲಿ ಸ್ಪ್ರಿಂಗ್ ರಿವರ್ಬ್ ಬಂತು. ಎರಡೂ ಕೈ ತಂತಿಯ ಮೇಲಿರುವಾಗ ಇವನ್ನು ಹಾಕಲು, ತೆಗೆಯಲು ಕಾಲೇ ಗತಿ. 1970ರ ದಶಕದ ಕೊನೆಗೆ ಮೆಸಾ ಬೂಗಿ ಮೊದಲಾದ ಸಂಸ್ಥೆಗಳು ಕ್ಲೀನ್ ಮತ್ತು ಲೀಡ್ ಎಂಬ ಎರಡು ಚಾನೆಲ್‌ಗಳನ್ನು ಕಾಲಿನಿಂದ ಬದಲಿಸುವ ಆಂಪ್‌ಗಳನ್ನು ತಂದವು. ಅಲ್ಲಿಂದೀಚೆಗೆ ಫುಟ್‌ಸ್ವಿಚ್ಚು ಇಲ್ಲದೆ ನಡೆಯದು ಎಂಬಂತಾಯಿತು.

ದೀಪ ಮಾತ್ರ ತಡವಾಗಿ ಬಂತು. ಆ ಕಾಲದ ಆಂಪ್‌ಗಳ ಮುಂಭಾಗದಲ್ಲಿ ಬೆಳಗುತ್ತಿದ್ದ ಪೈಲಟ್ ಬಲ್ಬು 6.3 ವೋಲ್ಟಿನಲ್ಲಿ ಸುಮಾರು 150 ಮಿಲಿಆಂಪಿಯರ್ ಎಳೆಯುತ್ತಿತ್ತು. ತೆಳು ಕೇಬಲ್ಲಿನ ಕೊನೆಯಲ್ಲಿರುವ, ತುಳಿತಕ್ಕೆ ಸಿಗುವ ಪೆಟ್ಟಿಗೆಗೆ ಅಂಥ ಬಲ್ಬು ಒಗ್ಗುತ್ತಿರಲಿಲ್ಲ. ನಿಯಾನ್ ಬಲ್ಬು ಹೊತ್ತಿಕೊಳ್ಳಲು ಸುಮಾರು 90 ವೋಲ್ಟ್ ಬೇಕು. ಕಾಲ ಕೆಳಗಿನ ಲೋಹದ ಪೆಟ್ಟಿಗೆಯಲ್ಲಿ ಅಷ್ಟು ವೋಲ್ಟೇಜ್ ಇರುವುದು ಅಪಾಯ. 1962ರಲ್ಲಿ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಸಂಸ್ಥೆಯಲ್ಲಿ ನಿಕ್ ಹೊಲೊನ್ಯಾಕ್ ಕಣ್ಣಿಗೆ ಕಾಣುವ ಕೆಂಪು ಬೆಳಕಿನ ಎಲ್‌ಇಡಿಯನ್ನು ರೂಪಿಸಿದರು. 1970ರ ದಶಕದಲ್ಲಿ ಅದರ ಬೆಲೆ ಇಳಿಯಿತು. ಕೆಲವೇ ಮಿಲಿಆಂಪಿಯರ್‌ನಲ್ಲಿ ಬೆಳಗುವ, ತಂತು ಇಲ್ಲದ್ದರಿಂದ ಒದೆತಕ್ಕೆ ಹೆದರದ ಈ ದೀಪ ಕಾಲ್ಪೆಟ್ಟಿಗೆಗೆ ಹೇಳಿ ಮಾಡಿಸಿದಂತಿತ್ತು.

ಬಿಡಿ ಪೆಡಲ್‌ಗಳ ಚರಿತ್ರೆಯಲ್ಲೂ ಇದೇ ಕ್ರಮ ಕಾಣುತ್ತದೆ. 1962ರ ಮೇಸ್ಟ್ರೊ ಫಜ್-ಟೋನ್, 1966ರ ಫಜ್ ಫೇಸ್ ಪೆಡಲ್‌ಗಳಲ್ಲಿ ದೀಪವಿರಲಿಲ್ಲ. ಜಪಾನಿನ ಬಾಸ್ ಸಂಸ್ಥೆ 1977ರಿಂದ ಹೊರತಂದ ಪುಟ್ಟ ಪೆಡಲ್‌ಗಳಲ್ಲಿ ಕೆಂಪು ಎಲ್‌ಇಡಿ ಸ್ಥಿರ ಲಕ್ಷಣವಾಯಿತು. ಅದರ ಪಕ್ಕದಲ್ಲಿ ‘ಚೆಕ್’ ಎಂಬ ಬರಹವಿದ್ದು, ಬೆಳಕು ಮಂದವಾದರೆ ಬ್ಯಾಟರಿ ಮುಗಿಯುತ್ತಿದೆ ಎಂದು ತಿಳಿಯುತ್ತದೆ. ಪೆಡಲ್‌ಗೆ ತನ್ನದೇ 9 ವೋಲ್ಟ್ ಬ್ಯಾಟರಿ ಅಥವಾ ಅಡಾಪ್ಟರ್ ಇರುವುದರಿಂದ ಅಲ್ಲಿ ದೀಪ ಹಾಕುವುದು ಸುಲಭ. ಆಂಪಿನ ಫುಟ್‌ಸ್ವಿಚ್ಚಿನಲ್ಲಿ ಬ್ಯಾಟರಿಯೂ ಇಲ್ಲ, ಅಡಾಪ್ಟರೂ ಇಲ್ಲ.

ಪೆಟ್ಟಿಗೆಯೊಳಗೆ ಏನಿದೆ

ಸಾದಾ ಫುಟ್‌ಸ್ವಿಚ್ಚನ್ನು ಬಿಚ್ಚಿದರೆ ಕಾಣುವುದು ಇಷ್ಟೇ: ಕಾಲಿನಿಂದ ಒತ್ತುವ ಒಂದು ಗಟ್ಟಿ ಸ್ವಿಚ್ಚು, ಒಂದು 6.35 ಮಿ.ಮೀ. ಜ್ಯಾಕ್ ಅಥವಾ ನೇರವಾಗಿ ಬೆಸೆದ ಕೇಬಲ್, ಎರಡು ತಂತಿ. ಜ್ಯಾಕಿನ ತುದಿಯ ಸಂಪರ್ಕವನ್ನು ಟಿಪ್ ಎಂದೂ ಹೊರಕವಚದ ಸಂಪರ್ಕವನ್ನು ಸ್ಲೀವ್ ಎಂದೂ ಕರೆಯುತ್ತಾರೆ. ಸ್ಲೀವ್ ಎಂದರೆ ಆಂಪಿನ ಗ್ರೌಂಡ್. ಸ್ವಿಚ್ಚು ಒತ್ತಿದಾಗ ಟಿಪ್ ಗ್ರೌಂಡಿಗೆ ತಾಗುತ್ತದೆ. ಮತ್ತೆ ಒತ್ತಿದಾಗ ಬಿಡುತ್ತದೆ. ಉಳಿದ ಕೆಲಸವೆಲ್ಲ ಆಂಪಿನೊಳಗೆ ನಡೆಯುತ್ತದೆ.

ಸ್ವಿಚ್ಚಿನಲ್ಲಿ ಎರಡು ಜಾತಿ. ಒಮ್ಮೆ ಒತ್ತಿದರೆ ಆ ಸ್ಥಿತಿಯಲ್ಲೇ ನಿಲ್ಲುವಂಥದ್ದು ಲ್ಯಾಚಿಂಗ್. ಒತ್ತಿ ಹಿಡಿದಷ್ಟು ಹೊತ್ತು ಮಾತ್ರ ತಾಗಿರುವಂಥದ್ದು ಮೊಮೆಂಟರಿ. ಒತ್ತುವಾಗ ‘ಟಕ್’ ಎಂದು ಕೂತರೆ ಸಾಮಾನ್ಯವಾಗಿ ಅದು ಲ್ಯಾಚಿಂಗ್. ಸಂಪರ್ಕಗಳ ಸಂಖ್ಯೆಯಲ್ಲೂ ಭೇದವಿದೆ. ಎರಡು ಕಾಲಿನ ಸ್ವಿಚ್ಚು ಒಂದೇ ಸರ್ಕ್ಯೂಟನ್ನು ಕೂಡಿಸಿ ಬಿಡಿಸುತ್ತದೆ. ಆರು ಕಾಲಿನ ಡಿಪಿಡಿಟಿ ಸ್ವಿಚ್ಚಿನಲ್ಲಿ ಒಂದಕ್ಕೊಂದು ಸಂಬಂಧವಿಲ್ಲದ ಎರಡು ಸ್ವಿಚ್ಚುಗಳು ಒಂದೇ ಒತ್ತಿಗೆ ಚಲಿಸುತ್ತವೆ. ಪೆಡಲ್‌ಗಳಲ್ಲಿ ಬಳಕೆಯಲ್ಲಿರುವ ಒಂಬತ್ತು ಕಾಲಿನ ತ್ರೀಪಿಡಿಟಿಯಲ್ಲಿ ಇಂಥವು ಮೂರು. ಆಂಪಿನ ಒಂದು ಕೆಲಸಕ್ಕೆ ಪ್ರತ್ಯೇಕ ದೀಪ ಸೇರಿಸಲು ಆರು ಕಾಲು ಸಾಕು.

ಆಂಪಿನ ಕಡೆಯ ವ್ಯವಸ್ಥೆ

ಫುಟ್‌ಸ್ವಿಚ್ಚಿನ ತಂತಿಯಲ್ಲಿ ಹರಿಯುವುದು ಏನು ಎಂಬುದು ಆಂಪಿನ ರಚನೆಯನ್ನು ಅವಲಂಬಿಸಿದೆ. ಮುಖ್ಯವಾಗಿ ನಾಲ್ಕು ಬಗೆಗಳಿವೆ.

ಮೊದಲನೆಯದು ರಿಲೇ, ಎಂದರೆ ಸುರುಳಿಯಲ್ಲಿ ಕರೆಂಟು ಹರಿದಾಗ ಚಲಿಸುವ ಸ್ವಿಚ್ಚು. ಆಂಪಿನ ಡಿಸಿ ಪೂರೈಕೆಯಿಂದ ಹೊರಟ ವಿದ್ಯುತ್ತು ರಿಲೇಯ ಸುರುಳಿಯ ಮೂಲಕ ಟಿಪ್‌ಗೆ ಬಂದು ನಿಂತಿರುತ್ತದೆ. ಸ್ವಿಚ್ಚು ಅದನ್ನು ಗ್ರೌಂಡಿಗೆ ಮುಟ್ಟಿಸಿದಾಗ ಸುರುಳಿಯಲ್ಲಿ ಕರೆಂಟು ಹರಿದು ಚಾನೆಲ್ ಬದಲಾಗುತ್ತದೆ. ದೀಪ ಬೆಳಗಿಸಲು ಬೇಕಾದ ಕರೆಂಟು ಇಲ್ಲಿ ತಾನಾಗಿಯೇ ಇದೆ.

ಎರಡನೆಯದು ಟ್ರಾನ್ಸಿಸ್ಟರ್, ಎಫ್‌ಇಟಿ ಅಥವಾ ಲಾಜಿಕ್ ಐಸಿ. ಇಲ್ಲಿ ತಂತಿಯಲ್ಲಿ ವೋಲ್ಟೇಜ್ ಇರುತ್ತದೆ, ಕರೆಂಟು ಮಾತ್ರ ಅತ್ಯಲ್ಪ. 12 ವೋಲ್ಟಿನಿಂದ 10 ಕಿಲೊಓಮ್ ರೆಸಿಸ್ಟರಿನ ಮೂಲಕ ಬರುವ ತಂತಿಯನ್ನು ಗ್ರೌಂಡ್ ಮಾಡಿದರೆ ಹರಿಯುವುದು 1.2 ಮಿಲಿಆಂಪಿಯರ್ ಅಷ್ಟೆ. ರೆಸಿಸ್ಟರ್ 47 ಕಿಲೊಓಮ್ ಆದರೆ ಅದು ಕಾಲು ಮಿಲಿಆಂಪಿಯರಿಗೆ ಇಳಿಯುತ್ತದೆ.

ಮೂರನೆಯದು ಹಳೆಯ ವಾಲ್ವ್ ಆಂಪ್‌ಗಳ ಪದ್ಧತಿ. ರಿವರ್ಬಿನ ಸ್ವಿಚ್ಚು ರಿವರ್ಬಿನ ದನಿಯನ್ನೇ ಗ್ರೌಂಡಿಗೆ ಇಳಿಸಿ ಅಡಗಿಸುತ್ತದೆ. ತಂತಿಯಲ್ಲಿ ಇರುವುದು ಆಡಿಯೊ ಸಿಗ್ನಲ್ ಮಾತ್ರ, ದೀಪಕ್ಕೆ ಬೇಕಾದ ಡಿಸಿ ಇಲ್ಲ. ಇಂಥ ತಂತಿಗೆ ಎಲ್‌ಇಡಿ ಸೇರಿಸಿದರೆ ದೀಪವೂ ಬೆಳಗದು, ರಿವರ್ಬೂ ಪೂರ್ತಿ ಅಡಗದು.

ನಾಲ್ಕನೆಯದು ಎಸಿ ಬಳಸುವ ಜಾಣತನದ ವ್ಯವಸ್ಥೆ. ಫೆಂಡರಿನ ಹಾಟ್ ರಾಡ್ ಸರಣಿಯ ಆಂಪ್‌ಗಳಲ್ಲಿ ಎರಡು ಒತ್ತುಗುಂಡಿಯ ಫುಟ್‌ಸ್ವಿಚ್ಚು ಒಂದೇ ಮೋನೊ ಕೇಬಲ್ಲಿನಲ್ಲಿ ಕೆಲಸ ಮಾಡುತ್ತದೆ. ಎಸಿಯ ಧನ ಅರ್ಧ ಅಲೆ ಒಂದು ಆಜ್ಞೆಯನ್ನೂ ಋಣ ಅರ್ಧ ಅಲೆ ಇನ್ನೊಂದು ಆಜ್ಞೆಯನ್ನೂ ಹೊರುತ್ತದೆ. ಪೆಟ್ಟಿಗೆಯೊಳಗಿನ ಡಯೋಡುಗಳು ಅವೆರಡನ್ನು ಬೇರ್ಪಡಿಸುತ್ತವೆ. ಭಾರತದ 50 ಹರ್ಟ್ಸ್ ಪೂರೈಕೆಯಲ್ಲಿ ಅಲ್ಲಿನ ದೀಪ ಸೆಕೆಂಡಿಗೆ 50 ಸಲ ಮಿನುಗಿದರೂ ಕಣ್ಣಿಗೆ ಸ್ಥಿರವಾಗಿಯೇ ಕಾಣುತ್ತದೆ.

ಮೊದಲು ಅಳತೆ

ಯಾವ ಬಗೆಯೆಂದು ತಿಳಿಯಲು ಆಂಪನ್ನು ಬಿಚ್ಚಬೇಕಿಲ್ಲ. ಫುಟ್‌ಸ್ವಿಚ್ಚಿನ ಜ್ಯಾಕಿಗೆ ಒಂದು ಕೇಬಲ್ ಚುಚ್ಚಿ, ಅದರ ಇನ್ನೊಂದು ತುದಿಯ ಪ್ಲಗ್ಗಿನ ಟಿಪ್ ಮತ್ತು ಸ್ಲೀವಿಗೆ ಮಲ್ಟಿಮೀಟರಿನ ಕಡ್ಡಿಗಳನ್ನು ಹಿಡಿದರೆ ಸಾಕು. ಮೊದಲು ಡಿಸಿ ವೋಲ್ಟೇಜ್, ಆಮೇಲೆ ಎಸಿ ವೋಲ್ಟೇಜ್ ನೋಡಬೇಕು. ಡಿಸಿ ಇದ್ದರೆ ಟಿಪ್ ಧನವೋ ಋಣವೋ ಎಂದು ಬರೆದಿಟ್ಟುಕೊಳ್ಳಬೇಕು. ಅನಂತರ ಮೀಟರನ್ನು ಮಿಲಿಆಂಪಿಯರ್ ಶ್ರೇಣಿಗೆ ತಿರುಗಿಸಿ ಅದೇ ಎರಡು ಕಡೆ ಹಿಡಿಯಬೇಕು. ಈ ಶ್ರೇಣಿಯಲ್ಲಿ ಮೀಟರಿನ ಒಳರೋಧ ತೀರ ಕಡಿಮೆಯಾದ್ದರಿಂದ ಮೀಟರೇ ಸ್ವಿಚ್ಚಿನಂತೆ ವರ್ತಿಸುತ್ತದೆ: ಕಡ್ಡಿ ತಾಗಿದೊಡನೆ ಆಂಪಿನ ಚಾನೆಲ್ ಬದಲಾಗುತ್ತದೆ, ಪರದೆಯ ಮೇಲೆ ಆ ತಂತಿಯ ಕರೆಂಟು ಕಾಣುತ್ತದೆ.

ಡಿಸಿ 9 ವೋಲ್ಟಿಗಿಂತ ಹೆಚ್ಚಿದ್ದು ಕರೆಂಟು 5ರಿಂದ 20 ಮಿಲಿಆಂಪಿಯರ್ ಒಳಗಿದ್ದರೆ ಆಂಪಿನ ವಿದ್ಯುತ್ತಿನಿಂದಲೇ ದೀಪ ಬೆಳಗಿಸಬಹುದು. ಕರೆಂಟು ಸುಮಾರು 1 ಮಿಲಿಆಂಪಿಯರ್ ಇದ್ದರೆ ಹೆಚ್ಚು ಪ್ರಕಾಶದ ಎಲ್‌ಇಡಿಯೊಂದಿಗೆ ಪ್ರಯತ್ನಿಸಿ ನೋಡಬಹುದು. ಅದಕ್ಕಿಂತ ಕಡಿಮೆಯಿದ್ದರೆ, ಇಲ್ಲವೇ ಡಿಸಿಯೇ ಇಲ್ಲದಿದ್ದರೆ, ಪ್ರತ್ಯೇಕ ಬ್ಯಾಟರಿಯೇ ದಾರಿ. ಎಸಿ ಕಂಡರೆ ಆ ಮಾದರಿಯ ಸರ್ಕ್ಯೂಟ್ ನಕ್ಷೆ ಸಿಗುವವರೆಗೆ ಕೈಹಾಕದಿರುವುದು ಲೇಸು.

ಸರಣಿಯಲ್ಲಿ ಜೋಡಿಸುವ ದೀಪ

ಟಿಪ್‌ನಿಂದ ಸ್ವಿಚ್ಚಿಗೆ ಹೋಗುವ ತಂತಿಯನ್ನು ಕತ್ತರಿಸಿ ನಡುವೆ ಎಲ್‌ಇಡಿಯನ್ನು ಕೂರಿಸುವುದು ಎಲ್ಲಕ್ಕಿಂತ ಸರಳ ವಿಧಾನ. ಟಿಪ್ ಧನವಾಗಿದ್ದರೆ ಎಲ್‌ಇಡಿಯ ಉದ್ದ ಕಾಲು (ಆನೋಡ್) ಟಿಪ್‌ನ ಕಡೆಗೂ ಗಿಡ್ಡ ಕಾಲು (ಕ್ಯಾಥೋಡ್) ಸ್ವಿಚ್ಚಿನ ಕಡೆಗೂ ಬರಬೇಕು. ಕ್ಯಾಥೋಡ್ ಇರುವ ಬದಿಯಲ್ಲಿ ದೀಪದ ಅಂಚು ಚಪ್ಪಟೆಯಾಗಿರುತ್ತದೆ. ಕರೆಂಟನ್ನು ಮಿತಿಯಲ್ಲಿಡುವ ಕೆಲಸವನ್ನು ರಿಲೇಯ ಸುರುಳಿಯೇ ಮಾಡುವುದರಿಂದ ಬೇರೆ ರೆಸಿಸ್ಟರ್ ಬೇಡ.

ಇಲ್ಲಿ ದೀಪದ ಬಣ್ಣ ಬರೀ ಅಲಂಕಾರದ ವಿಷಯವಲ್ಲ. ಕೆಂಪು ಎಲ್‌ಇಡಿ ತನ್ನ ಪಾಲಿಗೆ 1.8ರಿಂದ 2 ವೋಲ್ಟ್ ಉಳಿಸಿಕೊಳ್ಳುತ್ತದೆ. ನೀಲಿ ಮತ್ತು ಬಿಳಿ ದೀಪಗಳು 3ರಿಂದ 3.4 ವೋಲ್ಟ್ ನುಂಗುತ್ತವೆ. ಸುಮಾರು 1000 ಓಮ್ ಸುರುಳಿಯ 12 ವೋಲ್ಟ್ ರಿಲೇಯನ್ನು ತೆಗೆದುಕೊಳ್ಳೋಣ. ಕೆಂಪು ದೀಪ ಹಾಕಿದರೆ ಸುರುಳಿಗೆ 10 ವೋಲ್ಟ್ ಉಳಿದು ಸುಮಾರು 10 ಮಿಲಿಆಂಪಿಯರ್ ಹರಿಯುತ್ತದೆ. ದೀಪವೂ ಚೆನ್ನಾಗಿ ಬೆಳಗುತ್ತದೆ. ಇಂಥ ರಿಲೇಗಳು ಸಾಮಾನ್ಯವಾಗಿ ತಮ್ಮ ನಿಗದಿತ ವೋಲ್ಟೇಜಿನ ಮುಕ್ಕಾಲು ಪಾಲು, ಎಂದರೆ 9 ವೋಲ್ಟ್ ಸಿಕ್ಕರೆ ಎಳೆದುಕೊಳ್ಳುತ್ತವೆ. ಬಿಳಿ ದೀಪ ಹಾಕಿದರೆ ಸುರುಳಿಗೆ 9ಕ್ಕಿಂತ ಕಡಿಮೆ ಉಳಿಯಬಹುದು. ಆಗ ರಿಲೇ ಒಮ್ಮೆ ಎಳೆದುಕೊಂಡು ಇನ್ನೊಮ್ಮೆ ಕೈಕೊಡುತ್ತದೆ. 5 ವೋಲ್ಟ್ ರಿಲೇ ಇದ್ದಲ್ಲಿ ಕೆಂಪು ದೀಪಕ್ಕೂ ಜಾಗವಿಲ್ಲ: ಉಳಿಯುವ 3 ವೋಲ್ಟಿಗೆ ಅದು ಅಲುಗುವುದೇ ಇಲ್ಲ.

ಲಾಜಿಕ್ ಐಸಿ ಇರುವ ಆಂಪಿನಲ್ಲಿ ತೊಡಕು ಬೇರೆ. ದೀಪ ನಡುವೆ ಬಂದ ಮೇಲೆ ತಂತಿ ಪೂರ್ತಿ ಸೊನ್ನೆಗೆ ಇಳಿಯದೆ 2 ವೋಲ್ಟಿನ ಹತ್ತಿರ ನಿಲ್ಲುತ್ತದೆ. 12 ವೋಲ್ಟಿನಲ್ಲಿ ನಡೆಯುವ ಸಿಮಾಸ್ ಐಸಿಗೆ ಅದು ಸೊನ್ನೆಯೆಂದೇ ಲೆಕ್ಕ. 5 ವೋಲ್ಟಿನ ಐಸಿಗೆ ಅದು ಸೊನ್ನೆಯೂ ಅಲ್ಲ, ಒಂದೂ ಅಲ್ಲ. 0.6 ವೋಲ್ಟಿಗೇ ಚಾಲನೆಗೊಳ್ಳುವ ಟ್ರಾನ್ಸಿಸ್ಟರಿನ ಬೇಸಿಗೆ ನೇರವಾಗಿ ಹೋಗುವ ತಂತಿಯಾದರೆ ಈ ವಿಧಾನವನ್ನು ಕೈಬಿಡಬೇಕು.

ಸರಣಿ ಜೋಡಣೆಗೆ ಇನ್ನೊಂದು ದೌರ್ಬಲ್ಯವಿದೆ: ದೀಪ ಸುಟ್ಟು ತೆರೆದುಕೊಂಡರೆ ಆಂಪಿನ ಆಜ್ಞೆಯೂ ನಿಲ್ಲುತ್ತದೆ. ಇದನ್ನು ತಪ್ಪಿಸಲು 1ಎನ್4148 ಜಾತಿಯ ನಾಲ್ಕು ಡಯೋಡುಗಳನ್ನು ಸಾಲಾಗಿ ಬೆಸೆದು, ದೀಪದ ದಿಕ್ಕಿನಲ್ಲೇ ಅದಕ್ಕೆ ಸಮಾಂತರವಾಗಿ ಇಡುತ್ತಾರೆ. ದೀಪ ಚೆನ್ನಾಗಿದ್ದಾಗ ಕರೆಂಟು ಅದರಲ್ಲೇ ಹರಿಯುತ್ತದೆ. ದೀಪ ಸತ್ತರೆ ಡಯೋಡುಗಳ ಮೂಲಕ ದಾರಿ ಮಾಡಿಕೊಳ್ಳುತ್ತದೆ. ಆಗ ಡಯೋಡುಗಳು ಸುಮಾರು 2.6 ವೋಲ್ಟ್ ಉಳಿಸಿಕೊಂಡರೂ 12 ವೋಲ್ಟಿನ ರಿಲೇಗೆ ಸಾಕಷ್ಟು ಮಿಗುತ್ತದೆ. ಎಲ್‌ಇಡಿ ತಡೆಯಬಲ್ಲ ಹಿಮ್ಮುಖ ವೋಲ್ಟೇಜ್ ಸುಮಾರು 5 ಮಾತ್ರ. ಆದ್ದರಿಂದ ಇನ್ನೊಂದು ಡಯೋಡನ್ನು ತಿರುಗುಮುರುಗಾಗಿ ಹಾಕಿದರೆ ಅಕಸ್ಮಾತ್ ಉಲ್ಟಾ ವೋಲ್ಟೇಜ್ ಬಂದರೂ ದೀಪ ಉಳಿಯುತ್ತದೆ.

ಬ್ಯಾಟರಿಯಿಂದ ಬೆಳಗುವ ದೀಪ

ಆಂಪಿನಿಂದ ವಿದ್ಯುತ್ತು ಪಡೆಯಲಾಗದ ಕಡೆ ಎರಡು ಕಾಲಿನ ಸ್ವಿಚ್ಚನ್ನು ತೆಗೆದು ಆರು ಕಾಲಿನ ಡಿಪಿಡಿಟಿ ಹಾಕುತ್ತಾರೆ. ಅದರ ಒಂದು ಬದಿ ಹಳೆಯ ಸ್ವಿಚ್ಚಿನ ಕೆಲಸವನ್ನೇ ಮಾಡುತ್ತದೆ. ಇನ್ನೊಂದು ಬದಿ 9 ವೋಲ್ಟ್ ಬ್ಯಾಟರಿ, ರೆಸಿಸ್ಟರ್, ಎಲ್‌ಇಡಿಗಳ ಸರ್ಕ್ಯೂಟನ್ನು ಕೂಡಿಸಿ ಬಿಡಿಸುತ್ತದೆ. ಎರಡಕ್ಕೂ ಎಲ್ಲಿಯೂ ಸಂಪರ್ಕವಿಲ್ಲದ್ದರಿಂದ ಆಂಪಿನ ದನಿಗೆ ಏನೂ ಆಗದು. ಹಳೆಯ ವಾಲ್ವ್ ಆಂಪಿಗೂ ಒಗ್ಗುವ ವಿಧಾನ ಇದು.

ರೆಸಿಸ್ಟರಿನ ಲೆಕ್ಕ ಓಮ್‌ನ ನಿಯಮದ್ದು. 9 ವೋಲ್ಟಿನಲ್ಲಿ ದೀಪದ 2 ವೋಲ್ಟ್ ಕಳೆದರೆ ಉಳಿಯುವುದು 7. ಅದನ್ನು ಬೇಕಾದ ಕರೆಂಟಿನಿಂದ ಭಾಗಿಸಬೇಕು. 2 ಮಿಲಿಆಂಪಿಯರ್ ಸಾಕೆಂದರೆ 3500 ಓಮ್. ಅಂಗಡಿಯಲ್ಲಿ ಸಿಗುವ ಹತ್ತಿರದ ಬೆಲೆ 3.3 ಕಿಲೊಓಮ್. ಹಳೆಯ ಪುಸ್ತಕಗಳನ್ನು ನೋಡಿ 20 ಮಿಲಿಆಂಪಿಯರ್ ಕೊಡುವವರೂ ಇದ್ದಾರೆ. ಈಗಿನ ಹೆಚ್ಚು ಪ್ರಕಾಶದ ದೀಪಗಳಿಗೆ ಅಷ್ಟು ಬೇಡ. ಕೊಟ್ಟರೆ ಕಣ್ಣು ಕೋರೈಸುತ್ತದೆ, ಬ್ಯಾಟರಿಯೂ ಬರಿದಾಗುತ್ತದೆ. ಸುಮಾರು 500 ಮಿಲಿಆಂಪಿಯರ್-ಗಂಟೆಯ ಆಲ್ಕಲೈನ್ ಬ್ಯಾಟರಿ 20 ಮಿಲಿಆಂಪಿಯರ್‌ನಲ್ಲಿ 25 ಗಂಟೆ ಬಾಳಿದರೆ 2 ಮಿಲಿಆಂಪಿಯರ್‌ನಲ್ಲಿ 200 ಗಂಟೆ ದಾಟುತ್ತದೆ.

ಕಾರ್ಯಕ್ರಮ ಮುಗಿದ ಮೇಲೂ ದೀಪ ಉರಿಯುತ್ತ ಉಳಿದು ಬ್ಯಾಟರಿ ಸಾಯುವುದು ಸಾಮಾನ್ಯ ದೂರು. ಇದಕ್ಕೆ ಪೆಡಲ್ ತಯಾರಕರದ್ದೇ ಉಪಾಯವಿದೆ. ಮೋನೊ ಜ್ಯಾಕಿನ ಬದಲು ಸ್ಟೀರಿಯೊ ಜ್ಯಾಕ್ ಹಾಕಿ, ಬ್ಯಾಟರಿಯ ಋಣ ತಂತಿಯನ್ನು ಅದರ ರಿಂಗ್ ಸಂಪರ್ಕಕ್ಕೂ ದೀಪದ ಸರ್ಕ್ಯೂಟಿನ ಋಣ ತುದಿಯನ್ನು ಸ್ಲೀವಿಗೂ ಬೆಸೆಯುತ್ತಾರೆ. ಮೋನೊ ಪ್ಲಗ್ ಚುಚ್ಚಿದಾಗ ಅದರ ಉದ್ದನೆಯ ಕವಚ ರಿಂಗ್ ಮತ್ತು ಸ್ಲೀವನ್ನು ಒಂದು ಮಾಡುತ್ತದೆ. ಪ್ಲಗ್ ತೆಗೆದೊಡನೆ ಬ್ಯಾಟರಿ ಕಡಿದುಹೋಗುತ್ತದೆ. ಹೀಗೆ ಮಾಡಿದಾಗ ದೀಪದ ಋಣ ತುದಿ ಆಂಪಿನ ಗ್ರೌಂಡಿಗೆ ಸೇರುತ್ತದೆ. ಬ್ಯಾಟರಿ ಒಂದೇ ಇರುವವರೆಗೆ ತೊಂದರೆಯಿಲ್ಲ.

ಬ್ಯಾಟರಿಯ ಜಾಗದಲ್ಲಿ ಪೆಡಲ್‌ಗಳ 9 ವೋಲ್ಟ್ ಅಡಾಪ್ಟರನ್ನೇ ಹಂಚಿಕೊಂಡರೆ ಮಾತ್ರ ಎಚ್ಚರ ಬೇಕು. ಅಡಾಪ್ಟರಿನ ಋಣ ತುದಿ ಪೆಡಲ್‌ಗಳ ಮೂಲಕ ಆಂಪಿನ ಗ್ರೌಂಡನ್ನು ಮೊದಲೇ ಸೇರಿರುತ್ತದೆ. ಅದನ್ನು ಫುಟ್‌ಸ್ವಿಚ್ಚಿನ ಸ್ಲೀವಿಗೂ ಸೇರಿಸಿದರೆ ಗ್ರೌಂಡಿಗೆ ಎರಡು ದಾರಿಗಳಾಗಿ ಸುತ್ತು ಏರ್ಪಟ್ಟು, ಸ್ಪೀಕರಿನಲ್ಲಿ ‘ಹಮ್’ ಕೇಳಿಸುತ್ತದೆ. ಆಗ ಸ್ಟೀರಿಯೊ ಜ್ಯಾಕಿನ ಉಪಾಯ ಬಿಟ್ಟು ದೀಪದ ಸರ್ಕ್ಯೂಟನ್ನು ಸ್ಲೀವಿನಿಂದಲೂ ಲೋಹದ ಪೆಟ್ಟಿಗೆಯಿಂದಲೂ ಬೇರೆಯಾಗಿಡಬೇಕು. ಅಡಾಪ್ಟರ್ ಚುಚ್ಚುವ ಸಾಕೆಟ್ ಪ್ಲಾಸ್ಟಿಕ್ ಮೈಯದ್ದಾಗಿರಬೇಕು. ಪೆಡಲ್ ಅಡಾಪ್ಟರುಗಳಲ್ಲಿ ನಡುವಿನ ಕಡ್ಡಿ ಋಣವಾಗಿರುವುದು ರೂಢಿ. ಮನೆಯ ಇತರ ಅಡಾಪ್ಟರುಗಳಲ್ಲಿ ಸಾಮಾನ್ಯವಾಗಿ ಅದು ಧನ.

ಎರಡು ಬಣ್ಣ, ಎರಡು ಗುಂಡಿ

ದೀಪ ಆರಿದ್ದರೆ ಅದು ಕ್ಲೀನ್ ಚಾನೆಲ್ಲೋ ಅಥವಾ ಬ್ಯಾಟರಿ ಮುಗಿದಿದೆಯೋ ತಿಳಿಯದು. ಈ ಸಂಶಯ ಬೇಡವೆನ್ನುವವರು ಮೂರು ಕಾಲಿನ ಎರಡು ಬಣ್ಣದ ಎಲ್‌ಇಡಿ ಹಾಕಿಸುತ್ತಾರೆ. ಡಿಪಿಡಿಟಿಯ ಎರಡನೆಯ ಬದಿಯ ನಡುಕಾಲಿಗೆ ಬ್ಯಾಟರಿಯ ಧನ, ಎರಡು ತುದಿಗಾಲುಗಳಿಗೆ ಒಂದೊಂದು ರೆಸಿಸ್ಟರಿನ ಮೂಲಕ ಕೆಂಪು ಮತ್ತು ಹಸಿರು: ಕೆಂಪಾದರೆ ಡ್ರೈವ್, ಹಸಿರಾದರೆ ಕ್ಲೀನ್, ಎರಡೂ ಇಲ್ಲವಾದರೆ ಬ್ಯಾಟರಿ ಬದಲಿಸುವ ಹೊತ್ತು. ದೀಪ ಸದಾ ಉರಿಯುವುದರಿಂದ ಬ್ಯಾಟರಿ ಬೇಗ ಮುಗಿಯುತ್ತದೆ.

ಚಾನೆಲ್‌ಗೊಂದು, ರಿವರ್ಬಿಗೊಂದು ಎಂದು ಎರಡು ಗುಂಡಿಗಳಿರುವ ಪೆಟ್ಟಿಗೆಗೆ ಸಾಮಾನ್ಯವಾಗಿ ಸ್ಟೀರಿಯೊ ಕೇಬಲ್ ಬರುತ್ತದೆ. ಟಿಪ್ ಒಂದು ಕೆಲಸಕ್ಕೆ, ರಿಂಗ್ ಇನ್ನೊಂದಕ್ಕೆ. ಎರಡು ತಂತಿಗಳನ್ನೂ ಬೇರೆಬೇರೆಯಾಗಿ ಅಳೆಯಬೇಕು. ಚಾನೆಲ್ಲಿನದು ರಿಲೇ ತಂತಿಯಾಗಿದ್ದು ರಿವರ್ಬಿನದು ಆಡಿಯೊ ತಂತಿಯಾಗಿರುವ ಆಂಪ್‌ಗಳೂ ಇವೆ. ಅಂಥಲ್ಲಿ ದೀಪದ ಕರೆಂಟು ಹರಿಯತೊಡಗಿದ ಕ್ಷಣ ಎರಡಕ್ಕೂ ಸಾಮಾನ್ಯವಾದ ಗ್ರೌಂಡ್ ತಂತಿಯ ಮೂಲಕ ‘ಠಪ್’ ಎಂಬ ಸದ್ದು ಹಾಯಬಹುದು.

ದೀಪ ಹೇಳುವುದು ಏನನ್ನು

ಬ್ಯಾಟರಿಯ ದೀಪ ತೋರಿಸುವುದು ಸ್ವಿಚ್ಚಿನ ಸ್ಥಿತಿಯನ್ನು, ಆಂಪಿನ ಸ್ಥಿತಿಯನ್ನಲ್ಲ. ಕೇಬಲ್ ಒಳಗೆ ತುಂಡಾಗಿದ್ದರೂ ಅದು ನಿರಾಳವಾಗಿ ಬೆಳಗುತ್ತದೆ. ಸರಣಿಯ ದೀಪ ಹಾಗಲ್ಲ. ಆಂಪಿನ ಆಜ್ಞೆಯ ಕರೆಂಟೇ ಅದರ ಮೂಲಕ ಹರಿಯುವುದರಿಂದ ಕೇಬಲ್ ಕಡಿದರೆ, ಆಂಪ್ ಆರಿದರೆ, ಜ್ಯಾಕ್ ಸಡಿಲವಾದರೆ ದೀಪವೂ ಆರುತ್ತದೆ. ಹೀಗಾಗಿ ಎರಡರಲ್ಲಿ ಹೆಚ್ಚು ನಂಬಲರ್ಹವಾದದ್ದು ಸರಣಿಯ ದೀಪ. ಆಂಪ್ ಅವಕಾಶ ಕೊಟ್ಟರೆ ಮೊದಲ ಆಯ್ಕೆ ಅದೇ ಆಗಬೇಕು.

ಮೊಮೆಂಟರಿ ಸ್ವಿಚ್ಚಿನ ಆಂಪ್‌ಗಳಲ್ಲಿ ಸಮಸ್ಯೆ ಇನ್ನೂ ಸ್ಪಷ್ಟ. ಯಾವ ಚಾನೆಲ್ ಎಂಬ ನೆನಪು ಇರುವುದು ಆಂಪಿನೊಳಗಿನ ಐಸಿಯಲ್ಲಿ. ಪೆಟ್ಟಿಗೆಗೆ ಅದರ ಸುಳಿವಿಲ್ಲ. ಅಲ್ಲಿ ಹಾಕಿದ ದೀಪ ಒತ್ತಿದಾಗ ಮಿಂಚಿ ಬಿಟ್ಟಾಗ ಆರುತ್ತದೆ. ಸರಿಯಾದ ದೀಪ ಬೇಕಾದರೆ ಆಂಪಿನಿಂದ ಸ್ಥಿತಿಯನ್ನು ಮರಳಿ ತರುವ ಇನ್ನೊಂದು ತಂತಿ ಬೇಕು. ಬಹುಪಿನ್ನುಗಳ ಡಿನ್ ಕೇಬಲ್ ಬಳಸುವ ತಯಾರಕರು ಮಾಡುವುದು ಇದನ್ನೇ. 1983ರಲ್ಲಿ ಬಂದ ಮಿಡಿ ಪದ್ಧತಿಯ ಕಾಲ್ಪೆಟ್ಟಿಗೆಗಳ ದೀಪ ಕೂಡ ಸಾಮಾನ್ಯವಾಗಿ ತೋರಿಸುವುದು ತಾನು ಕಳಿಸಿದ ಆಜ್ಞೆಯನ್ನು. ಆಂಪ್ ಅದನ್ನು ಪಾಲಿಸಿತೇ ಎಂಬುದನ್ನಲ್ಲ.

ಕಟ್ಟುವ ಕ್ರಮ

5 ಮಿ.ಮೀ. ಎಲ್‌ಇಡಿ ಬಿಗಿಯಾಗಿ ಕೂರಲು 5 ಮಿ.ಮೀ. ತೂತು ಬೇಕು, ಲೋಹದ ಅಥವಾ ಪ್ಲಾಸ್ಟಿಕ್ಕಿನ ಬಳೆ ಹಾಕುವುದಾದರೆ ಆ ಬಳೆಯ ಅಳತೆ ನೋಡಿ ಕೊರೆಯಬೇಕು. ಕಾಲ್ಸ್ವಿಚ್ಚಿಗೆ 12 ಮಿ.ಮೀ., ಜ್ಯಾಕಿಗೆ ಸುಮಾರು 10 ಮಿ.ಮೀ. ತೂತು ರೂಢಿಯಲ್ಲಿದೆ. ಹೊಸ ಪೆಟ್ಟಿಗೆಯನ್ನೇ ಮಾಡುವವರಿಗೆ 112×60×31 ಮಿ.ಮೀ. ಅಳತೆಯ ಡೈಕಾಸ್ಟ್ ಅಲ್ಯೂಮಿನಿಯಂ ಡಬ್ಬಿಯಲ್ಲಿ ಸ್ವಿಚ್ಚು, ಜ್ಯಾಕ್, ದೀಪ ಮೂರೂ ಹಿಡಿಯುತ್ತವೆ. ಬ್ಯಾಟರಿಗೂ ಜಾಗ ಬೇಕೆಂದರೆ ಕೊರೆಯುವ ಮುನ್ನ ಎಲ್ಲವನ್ನೂ ಒಳಗಿಟ್ಟು ನೋಡಬೇಕು. ಮುಚ್ಚಳ ಮುಚ್ಚಿದಾಗ ಪ್ಲಗ್ಗಿನ ತುದಿ ಬ್ಯಾಟರಿಗೆ ಚುಚ್ಚಿಕೊಳ್ಳುವುದು ಆಗಾಗ ಕಾಣುವ ಎಡವಟ್ಟು.

ದೀಪವನ್ನು ಸ್ವಿಚ್ಚಿನ ಮೇಲ್ಬದಿಯಲ್ಲಿ, ಶೂ ತಾಗದಷ್ಟು ದೂರದಲ್ಲಿ ಇಡಬೇಕು. ನಿಂತು ನುಡಿಸುವವನು ದೀಪವನ್ನು ಮೇಲಿನಿಂದ ನೋಡುತ್ತಾನೆ. ಸ್ವಚ್ಛ ಗಾಜಿನಂಥ ಎಲ್‌ಇಡಿ ಕಿರಿದಾದ ಕೋನದಲ್ಲಿ ನೇರ ಕಣ್ಣಿಗೆ ಹೊಡೆಯುತ್ತದೆ. ಪಕ್ಕಕ್ಕೆ ಸರಿದರೆ ಕಾಣುವುದೇ ಇಲ್ಲ. ಹಾಲುಬಣ್ಣದ ಮೈಯಿರುವ ಡಿಫ್ಯೂಸ್ಡ್ ಎಲ್‌ಇಡಿ ಎಲ್ಲ ಕಡೆಯಿಂದಲೂ ಕಾಣುತ್ತದೆ.

ಬೆಸುಗೆಗೆ 25 ವ್ಯಾಟಿನ ಸೋಲ್ಡರಿಂಗ್ ಐರನ್ ಸಾಕು. ಕಾಲ್ಸ್ವಿಚ್ಚಿನ ಒಳಮೈ ಪ್ಲಾಸ್ಟಿಕ್ ಆದ್ದರಿಂದ ಒಂದು ಕಾಲಿನ ಮೇಲೆ ಮೂರು ಸೆಕೆಂಡಿಗಿಂತ ಹೆಚ್ಚು ಹೊತ್ತು ಬಿಸಿ ಇಡಬಾರದು. ಇಟ್ಟರೆ ಒಳಗಿನ ಸಂಪರ್ಕ ವಾಲಿ ಸ್ವಿಚ್ಚು ಶಾಶ್ವತವಾಗಿ ಕೆಡುತ್ತದೆ. ತಂತಿಯ ತುದಿಗೂ ಸ್ವಿಚ್ಚಿನ ಕಾಲಿಗೂ ಮೊದಲೇ ಸೋಲ್ಡರ್ ಹಚ್ಚಿಟ್ಟುಕೊಂಡರೆ ಒಂದೇ ಮುಟ್ಟಿಗೆ ಅಂಟುತ್ತವೆ. ಆರು ಕಾಲುಗಳಲ್ಲಿ ಯಾವುದು ಯಾವುದಕ್ಕೆ ತಾಗುತ್ತದೆ ಎಂದು ಮೀಟರಿನ ಬೀಪ್ ಶ್ರೇಣಿಯಲ್ಲಿ ಮೊದಲೇ ಗುರುತು ಹಾಕಿಕೊಳ್ಳಬೇಕು. ಎಲ್‌ಇಡಿಯ ಕಾಲುಗಳಿಗೆ ಹೀಟ್‌ಶ್ರಿಂಕ್ ಕೊಳವೆ ತೊಡಿಸದಿದ್ದರೆ ಪೆಟ್ಟಿಗೆ ಅದುರಿದಾಗ ಒಂದಕ್ಕೊಂದು ತಾಗುತ್ತವೆ.

ಕೆಲಸ ಮುಗಿದ ಮೇಲೆ ದೀಪ ಹೊತ್ತದಿದ್ದರೆ ಮೊದಲು ಅನುಮಾನಿಸಬೇಕಾದದ್ದು ಉಲ್ಟಾ ಜೋಡಣೆಯನ್ನು. ದೀಪ ಹೊತ್ತಿ ಚಾನೆಲ್ ಬದಲಾಗದಿದ್ದರೆ ದೀಪ ನುಂಗಿದ ವೋಲ್ಟೇಜ್ ಕಾರಣ. ಚಾನೆಲ್ ಬದಲಾಗಿ ದೀಪ ಮಂಕಾಗಿದ್ದರೆ ತಂತಿಯಲ್ಲಿ ಕರೆಂಟು ಸಾಲದು. ದೀಪ ಸರಿಯಿದ್ದು ಅರ್ಥ ತಿರುಗಾಮುರುಗಾ ಆಗಿದ್ದರೆ ಡಿಪಿಡಿಟಿಯ ದೀಪದ ಬದಿಯಲ್ಲಿ ತಂತಿಯನ್ನು ಒಂದು ತುದಿಗಾಲಿನಿಂದ ಇನ್ನೊಂದಕ್ಕೆ ಸರಿಸಿದರೆ ಸಾಕು.

ಸುರಕ್ಷತೆ

ಮೇಲಿನ ಕೆಲಸವೆಲ್ಲ ಫುಟ್‌ಸ್ವಿಚ್ಚಿನ ಪೆಟ್ಟಿಗೆಯಲ್ಲೇ ಮುಗಿಯುತ್ತದೆ. ಆಂಪಿನ ಒಳಗೆ ಕೈ ಹಾಕಬೇಕಿಲ್ಲ. ವಾಲ್ವ್ ಆಂಪಿನ ಫಿಲ್ಟರ್ ಕೆಪಾಸಿಟರುಗಳಲ್ಲಿ 300ರಿಂದ 500 ವೋಲ್ಟ್ ಡಿಸಿ ಇರುತ್ತದೆ. ಪ್ಲಗ್ ಕಿತ್ತ ಮೇಲೂ ಅದು ಸ್ವಲ್ಪ ಕಾಲ ಉಳಿದಿರಬಹುದು. ದೀಪಕ್ಕೆಂದು 230 ವೋಲ್ಟಿನ ತಂತಿಯನ್ನು ಕಾಲ್ಪೆಟ್ಟಿಗೆಗೆ ಎಂದೂ ಒಯ್ಯಬಾರದು. ಅಳೆಯುವಾಗ ಟಿಪ್‌ನಲ್ಲಿ ಹತ್ತಾರು ವೋಲ್ಟ್ ಕಂಡರೆ, ಅದರಲ್ಲೂ ಋಣ ವೋಲ್ಟೇಜ್ ಕಂಡರೆ, ಅದು ವಾಲ್ವಿನ ಬಯಾಸ್ ಪೂರೈಕೆಯಿಂದ ಬಂದಿರುವ ಸಾಧ್ಯತೆಯಿದೆ. ಅದರಿಂದ ದೀಪಕ್ಕೆ ವಿದ್ಯುತ್ತು ಎಳೆಯಬಾರದು.

ಬೆಳಗಾವಿ–ಖಾನಾಪುರ ಸೀಮೆಯಲ್ಲಿ

ಕರ್ನಾಟಕದಲ್ಲಿ ಎಲೆಕ್ಟ್ರಿಕ್ ಗಿಟಾರ್ ಎಂದೊಡನೆ 1996ರಲ್ಲಿ ಆರಂಭವಾದ ಥರ್ಮಲ್ ಅಂಡ್ ಎ ಕ್ವಾರ್ಟರ್‌ನಂಥ ಬೆಂಗಳೂರಿನ ತಂಡಗಳು ನೆನಪಾಗುತ್ತವೆ. ಬಿಡಿಭಾಗಗಳ ಮಾತು ಬಂದರೆ ಅದೇ ಊರಿನ ಎಸ್.ಪಿ. ರಸ್ತೆ. ರಾಜ್ಯದ ವಾಯವ್ಯ ಅಂಚಿನಲ್ಲಿ ಗಿಟಾರ್ ಕೇಳಿಸುವ ಜಾಗಗಳು ಬೇರೆ: ಚರ್ಚಿನ ಗಾಯನವೃಂದ, ಗಣೇಶೋತ್ಸವದ ಪೆಂಡಾಲು, ಜಾತ್ರೆಯ ರಾತ್ರಿಯ ಆರ್ಕೆಸ್ಟ್ರಾ, ಕಾಲೇಜಿನ ವಾರ್ಷಿಕೋತ್ಸವ. ಬೆಳಗಾವಿಯಿಂದ ಖಾನಾಪುರ, ಗುಂಜಿ, ಲೋಂಡಾ ಹಾದು ಗೋವಾದತ್ತ ಸಾಗುವ ರೈಲು ಮತ್ತು ರಸ್ತೆಯ ದಾರಿ ಕನ್ನಡ, ಮರಾಠಿ, ಕೊಂಕಣಿ ಮೂರೂ ಭಾಷೆಗಳ ಹಾಡು ಒಂದೇ ವೇದಿಕೆಯಲ್ಲಿ ಕೂಡುವ ದಾರಿ. ಕನ್ನಡ ಭಾವಗೀತೆಗೆ ಬೇಕಾದ ಕ್ಲೀನ್ ದನಿಯಿಂದ ಮುಂದಿನ ಸಿನಿಮಾ ಹಾಡಿಗೆ ಬೇಕಾದ ಡ್ರೈವ್ ದನಿಗೆ ಜಿಗಿಯಬೇಕಾದ ವಾದಕನಿಗೆ ಕಾಲ ಬಳಿಯ ದೀಪ ಉಪಕಾರಿ.

ಈ ಕೆಲಸಕ್ಕೆ ಬೇಕಾದ ಕೈಗಳೂ ಬೆಳಗಾವಿಯಲ್ಲಿವೆ. ಫೌಂಡ್ರಿ ಮತ್ತು ಮಷಿನ್ ಶಾಪುಗಳಿಗೆ ಹೆಸರಾದ ಉದ್ಯಮಬಾಗದಂಥ ಕೈಗಾರಿಕಾ ಪ್ರದೇಶವಿರುವ ಊರಿನಲ್ಲಿ ತಗಡಿನ ಪೆಟ್ಟಿಗೆ ಮಡಿಸಿ ತೂತು ಕೊರೆಸುವುದು ಕಷ್ಟವಲ್ಲ. 1998ರಲ್ಲಿ ಸ್ಥಾಪನೆಯಾದ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಕೇಂದ್ರವೂ ಇದೇ ಊರು. ಎಲೆಕ್ಟ್ರಾನಿಕ್ಸ್ ವಿದ್ಯಾರ್ಥಿಗಳು ಪ್ರಯೋಗಾಲಯದಲ್ಲಿ ಬರೆಯುವ ಡಯೋಡಿನ ವೋಲ್ಟೇಜ್–ಕರೆಂಟು ನಕ್ಷೆಯೇ ಕೆಂಪು ದೀಪ 2 ವೋಲ್ಟನ್ನೂ ಬಿಳಿ ದೀಪ 3 ವೋಲ್ಟನ್ನೂ ಏಕೆ ಉಳಿಸಿಕೊಳ್ಳುತ್ತದೆ ಎಂಬುದನ್ನು ತೋರಿಸಿಕೊಡುತ್ತದೆ.

ಗುಂಜಿ ಇರುವುದು ಪಶ್ಚಿಮ ಘಟ್ಟದ ಮಡಿಲಿನಲ್ಲಿ, ಮಳೆಗಾಲದಲ್ಲಿ ಜಡಿಮಳೆ ಹಿಡಿಯುವ ಕಾಡಿನ ಸೀಮೆಯಲ್ಲಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ತೇವದಲ್ಲಿ ಮೊದಲು ಕೆಡುವುದು ದೀಪವಲ್ಲ, ಜ್ಯಾಕ್ ಮತ್ತು ಸ್ವಿಚ್ಚಿನ ಸಂಪರ್ಕ. ಲೋಹದ ಮೇಲೆ ಕಿಲುಬಿನ ತೆಳುಪದರ ಕಟ್ಟಿದರೆ ಅತ್ಯಲ್ಪ ಕರೆಂಟಿನ ಲಾಜಿಕ್ ತಂತಿ ಅದನ್ನು ದಾಟಲಾರದೆ ತಡವರಿಸುತ್ತದೆ. ಹೆಚ್ಚು ಕರೆಂಟು ಹರಿಯುವ ರಿಲೇ ತಂತಿ ಅಷ್ಟು ಬೇಗ ಸೋಲುವುದಿಲ್ಲ. ಕಾಂಟ್ಯಾಕ್ಟ್ ಕ್ಲೀನರ್ ಸಿಂಪಡಿಸಿ ಸ್ವಿಚ್ಚನ್ನು ಹಲವು ಸಲ ಒತ್ತಿಬಿಡುವುದು, ಪೆಟ್ಟಿಗೆಯನ್ನು ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಮುಚ್ಚಿದ ಡಬ್ಬಿಯಲ್ಲಿಡುವುದು, ಮಳೆಗಾಲದಲ್ಲಿ ಬಳಸದೆ ಬಿಡುವುದಾದರೆ ಬ್ಯಾಟರಿ ತೆಗೆದಿಡುವುದು ಇದಕ್ಕೆ ಪರಿಹಾರ. ಸೋರಿದ ಬ್ಯಾಟರಿ ಇಡೀ ಪೆಟ್ಟಿಗೆಯ ತಾಮ್ರವನ್ನು ತಿಂದುಹಾಕುತ್ತದೆ.

ಗಾಳಿ-ಮಳೆಗೆ ಕರೆಂಟು ಹೋಗಿ ಬರುವ, ಕಾರ್ಯಕ್ರಮ ಜನರೇಟರಿಗೆ ಬದಲಾಗುವ ಊರುಗಳಲ್ಲಿ ದೀಪದ ಬಗೆಗಳ ವ್ಯತ್ಯಾಸ ಬೇಗ ಅನುಭವಕ್ಕೆ ಬರುತ್ತದೆ. ಆಂಪ್ ಆರಿದಾಗ ಸರಣಿಯ ದೀಪ ಜೊತೆಗೇ ಆರಿ, ವಿದ್ಯುತ್ತು ಮರಳಿದಾಗ ಜೊತೆಗೇ ಹೊತ್ತುತ್ತದೆ. ಲ್ಯಾಚಿಂಗ್ ಸ್ವಿಚ್ಚಾದರೆ ಚಾನೆಲ್ ಕೂಡ ಮೊದಲಿದ್ದದ್ದೇ. ಬ್ಯಾಟರಿಯ ದೀಪ ಕತ್ತಲಲ್ಲೂ ಉರಿಯುತ್ತಲೇ ಇರುತ್ತದೆ. ಮೊಮೆಂಟರಿ ಆಂಪ್ ಮರುಚಾಲನೆಯಾದಾಗ ತಯಾರಕರು ನಿಗದಿ ಮಾಡಿದ ಚಾನೆಲ್ಲಿಗೆ ಬಂದು ನಿಲ್ಲಬಹುದು. ಅದರ ಫುಟ್‌ಸ್ವಿಚ್ಚಿಗೆ ಹಾಕಿದ ಬ್ಯಾಟರಿ ದೀಪ ಒತ್ತಿದಾಗ ಮಾತ್ರ ಮಿಂಚುವುದರಿಂದ ಈ ಬದಲಾವಣೆಯನ್ನು ತೋರಿಸದು. ಅಂಥ ಆಂಪ್ ಇರುವವರು ಫುಟ್‌ಸ್ವಿಚ್ಚಿಗೆ ದೀಪ ಹಾಕಿಸುವ ಬದಲು ಮುಂಭಾಗದ ಚಾನೆಲ್ ದೀಪ ಕಾಣುವಂತೆ ಆಂಪನ್ನು ತಿರುಗಿಸಿಟ್ಟುಕೊಂಡರೆ ಖರ್ಚಿಲ್ಲದೆ ಕೆಲಸವಾಗುತ್ತದೆ.